ಹೂಟಗಳ್ಳಿಯ ಒಲೆ ಅಂಗಡಿಯಲ್ಲಿ

ಪ್ರವಾಸದಲ್ಲಿ ನಾವು ಉಂಡು ಮಲಗುವ ವ್ಯಾನಿಗೊಂದು ಗ್ಯಾಸ್ ಬಾರ್ಬೆಕ್ಯೂ ಬೇಕೆಂದು ಹೂಟಗಳ್ಳಿಯ ಒಲೆ ಅಂಗಡಿಗೆ ಹೋದೆವು. ಮಳೆ ಬಂದರೆ ಒಳಗೇ ಹಚ್ಚುವಂಥದ್ದು ಕೊಡಿ ಎಂದು ನನ್ನ ಹೆಂಡತಿ ಕೇಳಿದಳು. ಅಂಗಡಿಯಾಕೆ ಬೇಡವೆಂದು ಕೈಯಾಡಿಸಿದರು.

"ಒಳಗೆ ಹಚ್ಚೋವಂಥದ್ದು ಯಾವುದೂ ಇಲ್ಲ ಕಣಮ್ಮ. ನಮ್ಮೆಜಮಾನ್ರು ಲಾರಿ ಓಡಿಸ್ತಿದ್ರು. ಚಳಿ ಅಂತ ಕ್ಯಾಬಿನ್ ಬಾಗಿಲು ಹಾಕ್ಕೊಂಡು ಗ್ಯಾಸ್ ಒಲೆ ಹಚ್ಚಿ ಮಲಗ್ಬುಟ್ರು. ಬೆಂಕಿ ಬೀಳ್ಲಿಲ್ಲ, ವಾಸನೇನೂ ಬರ್ಲಿಲ್ಲ. ಉರಿಯೋ ಒಲೆಯ ವಿಷಗಾಳಿ ತುಂಬ್ಕೊಂಡು, ಬೆಳಿಗ್ಗೆ ಏಳ್ಲೇ ಇಲ್ಲ."

ಗಾಳಿಗೆ ಉರಿ ಆರಿದರೆ ಗ್ಯಾಸ್ ತಾನೇ ನಿಲ್ಲುವಂಥದ್ದನ್ನು ಆರಿಸಿ, ಪೈಪಿಗೆ ಸೋಪಿನ ನೀರು ಬಳಿದು, ಗುಳ್ಳೆ ಏಳದ್ದರಿಂದ ಸೋರಿಕೆಯಿಲ್ಲವೆಂದು ತೋರಿಸಿದರು. ಅದನ್ನು ಪೆಟ್ಟಿಗೆಗೆ ತುಂಬಿ ಮೇಲೆ ಕೈಯಿಟ್ಟರು.

"ಬಯಲಲ್ಲಿ ಮಾತ್ರ ಹಚ್ತೀವಿ ಅನ್ನಿ."

ಹೆಂಡತಿ ಹಾಗೆಯೇ ಹೇಳಿದಳು. ಅಂಗಡಿಯಾಕೆ ನನ್ನತ್ತ ತಿರುಗಿ, "ನೀವೂ ಹೇಳ್ರೀ" ಎಂದರು. ನಾನು ಹೇಳಿ ಮುಗಿಸುವವರೆಗೂ ಪೆಟ್ಟಿಗೆಯ ಮೇಲಿಟ್ಟ ಕೈಯನ್ನು ತೆಗೆಯಲಿಲ್ಲ.