ಕೆಳಗಿನ ಮನೆಗೆ ಕೊಟ್ಟ ಬೇರು

ವಿಜಯನಗರದಲ್ಲಿ ನಮ್ಮ ಕೆಳಗಿನ ಮನೆಯಲ್ಲಿ ಹೂ ಕಟ್ಟಿ ಮಾರುವ ಆಂಟಿ ಇದ್ದಾರೆ. ಸೇವಂತಿಗೆ ಕಟ್ಟುವಾಗ ಮಾತ್ರ ಕೈಗೆ ಪ್ಲಾಸ್ಟಿಕ್ ಕವರ್ ಸುತ್ತಿಕೊಳ್ಳುತ್ತಾರೆ. ಇಲ್ಲದಿದ್ದರೆ ಬೆರಳೆಲ್ಲ ನವೆ. ವರ್ಷಗಟ್ಟಲೆ ಮೆಟ್ಟಿಲಿಳಿಯುವಾಗ ಇದನ್ನು ನೋಡಿದ್ದೇನೆ. ನೋಡಿರಲಿಲ್ಲ ಎನ್ನಲು ಬರುವುದಿಲ್ಲ.

ಕಳೆದ ಚಳಿಗಾಲದಲ್ಲಿ ಅವರಿಗೆ ನೆಗಡಿ ಹಿಡಿದು ಬಿಡಲೇ ಇಲ್ಲ. ನನ್ನ ಬಳಿ ಎಕಿನೇಶಿಯ ಬೇರಿನ ಪುಡಿಯ ಪೊಟ್ಟಣವಿತ್ತು. ನೇರಳೆ ಎಸಳಿನ ಆ ವಿದೇಶಿ ಹೂವಿನ ಬೇರು ನೆಗಡಿಯನ್ನು ಬೇಗ ಇಳಿಸುತ್ತದೆ ಎನ್ನುವವರಿದ್ದಾರೆ, ಅಂಥ ಗುಣವೇನೂ ಕಾಣದು ಎನ್ನುವವರೂ ಇದ್ದಾರೆ. ಎರಡನ್ನೂ ಓದಿದ್ದೆ. ಆಂಟಿಗೆ ಹೇಳಿದ್ದು ಮೊದಲನೆಯದನ್ನು ಮಾತ್ರ.

"ಏನೂ ಆಗಲ್ವಾ ಮೇಡಂ?"

"ಬೇರು ತಾನೇ ಆಂಟಿ. ಶುಂಠಿ ಇದ್ದ ಹಾಗೆ."

ಪುಡಿ ಕುದಿಸಿ ಕುಡಿದ ಅರ್ಧ ಗಂಟೆಯಲ್ಲಿ ತುಟಿ ಊದಿ, ಮೈಮೇಲೆ ದದ್ದು ಎದ್ದು, ಉಸಿರಾಡಲು ಕಷ್ಟಪಟ್ಟರು. ಆಟೋದಲ್ಲಿ ಕ್ಲಿನಿಕ್ಕಿಗೆ ಕರೆದೊಯ್ದವಳು ನಾನೇ. ಇಂಜೆಕ್ಷನ್ ಕೊಟ್ಟ ಮೇಲೆ ಡಾಕ್ಟರ್ ಕೇಳಿದರು: "ಹೊಸದಾಗಿ ಏನು ತಿಂದ್ರಿ?"

"ಬದನೆಕಾಯಿ ಎಣ್ಣೆಗಾಯಿ ಸಾರ್. ಅದೇ ನಂಜಾಯ್ತು" ಎಂದರು ಆಂಟಿ.

ಆಗ ನನ್ನ ಕಡೆ ನೋಡಿದರೇ? ನೋಡಿದರು ಎಂದೇ ಬಹಳ ದಿನ ನೆನಪಿಟ್ಟುಕೊಂಡಿದ್ದೆ. ಹಾಗಾದರೆ ನನ್ನ ಮರ್ಯಾದೆ ಉಳಿಸಲು ಅವರೇ ಸುಳ್ಳು ಹೇಳಿದಂತಾಗುತ್ತದೆ, ನನ್ನ ತಪ್ಪು ಹಗುರಾಗುತ್ತದೆ. ಈಗ ಅನ್ನಿಸುತ್ತದೆ, ಅವರು ನಿಜಕ್ಕೂ ಬದನೆಕಾಯಿಯನ್ನೇ ಅನುಮಾನಿಸಿದ್ದರು. "ಸದ್ಯಕ್ಕೆ ಅದನ್ನ ಬಿಡಿ" ಎಂದರು ಡಾಕ್ಟರ್. ನಾನು ಪುಡಿಯ ಹೆಸರೆತ್ತದೆ ಆಟೋ ಕರೆಯಲು ಹೊರಟೆ.

ಪೊಟ್ಟಣದ ಹಿಂದಿದ್ದ ಎಚ್ಚರಿಕೆಯನ್ನು ಆಮೇಲಷ್ಟೇ ಓದಿದೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಡೈರಿ ಬೇರೆಯದನ್ನೇ ಹೇಳುತ್ತದೆ. ಕೊಡುವ ಹಿಂದಿನ ದಿನದ ಪುಟದಲ್ಲಿ ನನ್ನದೇ ಅಕ್ಷರ: ಇದು ಸೇವಂತಿಗೆ, ಸೂರ್ಯಕಾಂತಿಗಳ ಕುಟುಂಬದ್ದು; ಆ ಹೂಗಳು ಒಗ್ಗದವರು ಬಳಸಬಾರದು. ವಿಷಯ ಸ್ವಾರಸ್ಯವಾಗಿದೆಯೆಂದು ಅಡಿಗೆರೆ ಕೂಡ ಎಳೆದಿದ್ದೆ.

ಎರಡು ತಿಂಗಳ ನಂತರ ಆಂಟಿ ಮೆಟ್ಟಿಲ ಬಳಿ ನಿಲ್ಲಿಸಿದರು. "ಮಗಳಿಗೂ ನೆಗಡಿ ಮೇಡಂ. ನೀವು ಕೊಟ್ಟ ಪುಡಿ ಮಿಕ್ಕಿದೆ, ನೀರು ಕುದಿಯಕ್ಕೆ ಇಟ್ಟಿದೀನಿ. ಅವಳಿಗೂ ನನ್ನ ಥರಾನೇ ಸೇವಂತಿಗೆ ಆಗಲ್ಲ, ಸೂಕ್ಷ್ಮದ ಮೈ. ಎಷ್ಟು ಸ್ಪೂನ್ ಹಾಕ್ಲಿ?"

"ಹಾಕ್ಬೇಡಿ" ಎಂದೆ. ಅವರು ಒಲೆ ಆರಿಸಿ ಬಂದ ಮೇಲೆ ಎಲ್ಲವನ್ನೂ ಹೇಳಿದೆ, ಡೈರಿಯ ಸಾಲಿನ ಸಮೇತ.

ಅವರು ಬಯ್ಯಲಿಲ್ಲ. "ಎರಡು ತಿಂಗಳು ಬದನೆಕಾಯಿ ಬಿಡಿಸಿದ್ರಲ್ಲ ನನ್ನ ಕೈಲಿ! ಓದಿರೋರು ಅಂತ ನಿಮ್ಮನ್ನ ಕೇಳಿದ್ದು ಕಣ್ರೀ." ಸೆರಗಿಗೆ ಕೈ ಒರೆಸಿಕೊಂಡರು. "ನಡೀರಿ, ಡಾಕ್ಟ್ರಿಗೆ ನೀವೇ ಹೇಳಿ. ನನಗೆ ಆ ಹೆಸ್ರು ಬರಲ್ಲ."

ಕ್ಲಿನಿಕ್ಕಿನಲ್ಲಿ ಐದಾರು ಜನ ಕಾಯುತ್ತಿದ್ದರು. ಒಳಬಾಗಿಲು ತೆರೆದೇ ಇತ್ತು. ಬೇರಿನ ಹೆಸರನ್ನು ಎರಡು ಸಲ ಹೇಳಿಸಿಕೊಂಡು ಡಾಕ್ಟರ್ ಚೀಟಿಯಲ್ಲಿ ಬರೆದರು. ತಲೆಯೆತ್ತದೆ ಕೇಳಿದರು: "ಕೊಟ್ಟಿದ್ದು ಯಾರು?"

ಆಂಟಿ ನನ್ನ ಕಡೆ ನೋಡಿದರು. ಕಾದರು.

"ನಾನು" ಎಂದೆ.