ಗೋಡೆಯಿಂದ ಬಂದ ಬಾಂಗ್

ಪಕ್ಕದ ಮನೆಯವರು ಲೋಬಾನ ಹಾಕಿದ್ದಾರೆ. ಒಮಾನಿನ ವಾದಿ ಕಬೀರಿನ ಈ ಫ್ಲಾಟಿನಲ್ಲಿ ಅವರ ಹೊಗೆ ನಮ್ಮ ಬಾಗಿಲ ಸಂದಿಯಿಂದಲೂ ಬರುತ್ತದೆ. ಕೇಳದೆ ಸಿಕ್ಕಿದ ಪರಿಮಳ, ಅಲ್‌ಹಮ್ದುಲಿಲ್ಲಾಹ್. ಆದರೆ ಇದು ಮೂಗಿಗೆ ಬಿದ್ದರೆ ಎರಡು ವರ್ಷದ ಹಿಂದೆ ನಾನು ಹೇಳಿದ ಸುಳ್ಳೊಂದು ನೆನಪಾಗುತ್ತದೆ. ನಿಮಗೆ ಹೇಳಿಬಿಡುತ್ತೇನೆ. ನನ್ನ ಗಂಡನಿಗೆ ಇನ್ನೂ ಹೇಳಿಲ್ಲ.

ಆಗ ಇವರ ಕೆಲಸದ ಕರಾರು ಮುಗಿಯುವುದರಲ್ಲಿತ್ತು. ಊರಿಗೆ ಮರಳುವುದೆಂದು ನಿರ್ಧರಿಸಿ, ಬಂಟ್ವಾಳದಲ್ಲಿ ಅಂಗಡಿಗೆ ಜಾಗವನ್ನೂ ನೋಡಿಟ್ಟಿದ್ದರು. "ಇಷ್ಟು ವರ್ಷ ಇದ್ದು ಈ ದೇಶ ನೋಡಲಿಲ್ಲ ಅಂತ ಆಗುವುದು ಬೇಡ ಮಾರಾಯ್ತಿ" ಎಂದು ನಿಜ್ವಾ ಕಡೆಯ ಮ್ಯೂಸಿಯಂ ಒಂದಕ್ಕೆ ಕರೆದುಕೊಂಡು ಹೋದರು. ಮ್ಯೂಸಿಯಂ ಎಂದರೆ ಗಾಜಿನ ಪೆಟ್ಟಿಗೆಯಲ್ಲಿ ಕತ್ತಿ, ಮಡಕೆ ಎಂದೇ ನಾನು ತಿಳಿದದ್ದು. ಬುತ್ತಿಯ ನೀರುದೋಸೆ ಆರುವುದರೊಳಗೆ ಮುಗಿದೀತೆಂದುಕೊಂಡಿದ್ದೆ.

ಬಾಗಿಲಲ್ಲೇ ಲೋಬಾನ. ಒಳಗೆ ಕತ್ತಲೆ ಕೋಣೆ. ನಾಲ್ಕೂ ಗೋಡೆಯ ಮೇಲೆ ಈ ದೇಶದ ಕಥೆಯ ಪಿಕ್ಚರ್: ಹಾಯಿಹಡಗು, ಕಾಲ ಕೆಳಗೆ ಸಮುದ್ರ. ನಾನು ಬುರ್ಖಾ ಎತ್ತಿ ಹಿಡಿದೆ. ಪಕ್ಕದ ಒಮಾನಿ ಅಜ್ಜಿಯೂ ಎತ್ತಿ ಹಿಡಿದಿದ್ದರು. ಇಬ್ಬರೂ ಒದ್ದೆಯಾಗಲಿಲ್ಲ. ಯುದ್ಧ ಮುಗಿದು ಶಾಲೆ, ರಸ್ತೆ, ದೀಪ ಬಂದವು. ಬಾವುಟ ಎದ್ದಾಗ ಅಜ್ಜಿ ಕಣ್ಣೊರೆಸಿದರು. ನಾನೂ ಒರೆಸಿದೆ. ಶಾಲೆಯಲ್ಲಿ ದೇಶಪ್ರೇಮ ಕಲಿಸಲು ಮೇಷ್ಟ್ರಿಗೆ ಹತ್ತು ವರ್ಷ ಬೇಕಾಗಿತ್ತು. ಇಲ್ಲಿ ಕಾಲು ಗಂಟೆಯ ಕತ್ತಲೆ, ಎರಡು ನಗಾರಿ ಸಾಕಾಯಿತು. ಅದೂ ವೀಸಾದಲ್ಲಿರುವವಳಿಗೆ.

ಅಷ್ಟರಲ್ಲಿ ನಮಾಜಿಗೆ ಕರೆಯುವ ಬಾಂಗ್ ಕೇಳಿತು. ಬಾಂಗಿನ ನಂತರ ಕೈಯೆತ್ತಿ ಬೇಡುವ ದುಆ ಬಿಡಬಾರದೆಂದು ಹೆತ್ತ ಉಮ್ಮ ಕಲಿಸಿದ್ದಾರೆ. ಇಲ್ಲಿಗೆ ಬಂದ ಹದಿನಾಲ್ಕು ವರ್ಷವೂ ನನ್ನದು ಒಂದೇ ಬೇಡಿಕೆ: ಕ್ಷೇಮವಾಗಿ ಊರಿಗೆ ಮುಟ್ಟಿಸು. ಆ ದಿನ ಕೈಯೆತ್ತಿದರೆ ನಮ್ಮ ಬ್ಯಾರಿ ಮಾತಿನಲ್ಲಿ ಬಾಯಿಂದ ಬೇರೆಯೇ ಬಂತು: ಸೃಷ್ಟಿಸಿದವನೇ, ನಮ್ಮನ್ನು ಇಲ್ಲೇ ಇರಿಸು.

ದೀಪ ಹತ್ತಿತು. ಇವರು ಗಡಿಯಾರ ನೋಡಿದರು. "ಅಸರ್ ನಮಾಜಿಗೆ ಇನ್ನೂ ಮುಕ್ಕಾಲು ಗಂಟೆ ಉಂಟು. ಅದು ಪಿಕ್ಚರಿನ ಬಾಂಗ್. ನೀನು ಎಂತ ಕೇಳಿದ್ದು?"

"ಎಲ್ಲರ ಆರೋಗ್ಯ."

"ಸ್ಪೀಕರಿನ ಹತ್ತಿರ?"

ಮುಂದಿನ ತಿಂಗಳು ಕಂಪನಿಯವರೇ ಕರೆದು ಕರಾರು ಮುಂದುವರಿಸುತ್ತೇವೆ ಎಂದರು. ಇವರು ಸಹಿ ಹಾಕಿ ಬಂದರು. ಬಂಟ್ವಾಳದ ಜಾಗ ಬೇರೆಯವರಿಗೆ ಹೋಯಿತು. ಗಂಡನ ಕೈಯಿಂದ ಅಂಗಡಿ ಕಿತ್ತುಕೊಂಡವಳು ನಾನೇ ಎಂಬ ಮುಳ್ಳು ಅಂದಿನಿಂದ ಚುಚ್ಚುತ್ತಿದೆ. ಸ್ಪೀಕರಿನ ಬಾಂಗಿಗೆ ಮಾಡಿದ ದುಆ ಫಲಿಸುತ್ತದೆಯೇ ಎಂದು ಮಸೀದಿಯ ಉಸ್ತಾದರನ್ನು ಕೇಳಲು ಧೈರ್ಯವಿಲ್ಲ.

ಇಷ್ಟು ಬರೆಯುವಷ್ಟರಲ್ಲಿ ಇವರು ಕೆಲಸದಿಂದ ಬಂದರು. ಇನ್ನು ಸಾಕೆನಿಸಿ, ಬಾಗಿಲಲ್ಲೇ ನಿಲ್ಲಿಸಿ ಹೇಳಿಬಿಟ್ಟೆ. ಇವರು ಬಗ್ಗಿ ಶೂ ಬಿಚ್ಚುತ್ತಿದ್ದರು.

"ಗೊತ್ತುಂಟು. ಅಷ್ಟು ಜನರಲ್ಲಿ ಬ್ಯಾರಿ ಅರ್ಥವಾಗುವವ ನಾನೊಬ್ಬನೇ ಇದ್ದದ್ದಲ್ವಾ" ಎಂದರು. ಮತ್ತೊಂದು ಶೂ ಬಿಚ್ಚಿದ ಮೇಲೆ, "ನಾನು ಆಮೀನ್ ಹೇಳಿದ್ದೆ. ಚಾ ಆಗಿದೆಯಾ?"