ಟ್ರೇಲರ್ ತಡೆದ ಹೂರಣದ ಕಲ್ಲು

ಯಲ್ಲಮ್ಮ ತಾಯಿಯನ್ನು ನಂಬಿದ ಬಂಧುಗಳೇ, ನಾನು ಸಂಪಗಾಂವದ ಒಕ್ಕಲು ಮನೆತನದ ಸೊಸೆ. ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ, ಅದಕ್ಕೆ ಕ್ಷಮೆ ಕೇಳುವುದಿಲ್ಲ. ಹತ್ತೊಂಬತ್ತುನೂರ ಎಪ್ಪತ್ತಾರರ ಬೇಸಿಗೆಯಲ್ಲಿ ಇನ್ನೂ ವರ್ಷ ತುಂಬದ ನನ್ನ ಮಗಳು ಗಂಗವ್ವ ಯಲ್ಲಮ್ಮನ ಗುಡ್ಡದ ಏರಿನಲ್ಲಿ ನನ್ನ ಕಣ್ಣೆದುರೇ ಸಾಯುವುದರಲ್ಲಿದ್ದಳು.

ಎರಡು ಕೂಸು ಕಳೆದುಕೊಂಡ ಮೇಲೆ ಹುಟ್ಟಿದವಳು ಆಕೆ. ಇವಳು ಉಳಿದರೆ ಗುಡ್ಡದಲ್ಲೇ ಜವಳ ತೆಗೆಸಿ, ತಾಯಿಯ ನೈವೇದ್ಯದ ಬುಟ್ಟಿ ಪರಡಿಗೆ ಹೋಳಿಗೆ, ಕಡಬು ತುಂಬಿಸುತ್ತೇನೆಂದು ಬೇಡಿಕೊಂಡಿದ್ದೆ.

ಆ ವರ್ಷವೇ ನಮ್ಮ ಭಾವ, ಅಂದರೆ ಯಜಮಾನರ ಅಣ್ಣ, ಟ್ರ್ಯಾಕ್ಟರ್ ತಂದಿದ್ದರು. ನಾಲ್ಕು ಗಾಲಿಯ ಟ್ರೇಲರಿಗೆ ಬಿದಿರು ಬಾಗಿಸಿ, ತಾಡಪತ್ರಿ ಹೊದಿಸಿ, ಜಮಖಾನೆ, ಒಲೆ, ನೀರಿನ ಕೊಡ ಇಟ್ಟು ಮನೆಯನ್ನೇ ಕಟ್ಟಿದರು. ಆ ಹುರುಪಿನಲ್ಲಿ ಅದು ಗಾಡಿ ಎಂಬುದನ್ನೇ ಮರೆತರು. ಜೋಡಣೆಯ ಪಿನ್ನು ಕಿತ್ತುಬಂದರೂ ಟ್ರೇಲರ್ ಬಿಟ್ಟುಹೋಗದಂತೆ ಟ್ರ್ಯಾಕ್ಟರಿಗೆ ಸೇರಿಸುವ ಸರಪಳಿ ಇರುತ್ತದಲ್ಲ, ಅದನ್ನು ಬಿಚ್ಚಿ ಒಳಗೆ ತೊಟ್ಟಿಲು ಕಟ್ಟಿದರು!

"ಭಾವಾರ, ಅದು ಗಾಡೀದಲ್ಲೇನ್ರಿ?" ಎಂದೆ.

"ಪಿನ್ ಐತಲ್ಲವ್ವಾ. ಹಗ್ಗ ಹರೀತೈತಿ, ಸರಪಳಿ ಗಟ್ಟಿ. ಕೂಸು ಆರಾಮ ಮಲಗಲಿ."

ಅತ್ತೆಯವರದು ಇನ್ನೊಂದು ಹಟ. ಇಬ್ಬರು ಗಂಡಸರು ಎತ್ತುವ ಹೂರಣದ ಕಲ್ಲನ್ನು ಹೇರಿಸಿದರು. "ಮನೀ ಕಲ್ಲಿನ ಮ್ಯಾಲ ಅರದ ಹೂರಣಾನ ತಾಯಿಗೆ ಆಗಬೇಕು" ಎಂದರು. ಗುಡ್ಡದಲ್ಲಿ ಕಲ್ಲಿಗೇನು ಬರ ಎಂದು ಅವರೊಡನೆಯೂ ಜಗಳಾಡಿದೆ.

ಬೈಲಹೊಂಗಲ ದಾಟುವುದರೊಳಗೆ ಕೊಡ ಉರುಳಿ ಹಾಸಿಗೆಯೆಲ್ಲ ತೊಯ್ದಿತು. ಹೋಗುವವರೇ, ಕೊಡಕ್ಕೆ ಸಿಂಬಿ ಸಾಲದು, ಕಂಠಕ್ಕೆ ಹಗ್ಗ ಕಟ್ಟಿರಿ. ಒಲೆಯ ಬೂದಿಯನ್ನು ನೀರು ಹಾಕಿ ಆರಿಸಿದ ಮೇಲೆಯೇ ಗಾಡಿ ಹೊರಡಿಸಿರಿ. ಇದನ್ನೆಲ್ಲ ನಮ್ಮ ಮನೆಯ ಗಂಡಸರಿಗೆ ಯಾರು ಹೇಳಬೇಕು?

ಸವದತ್ತಿಯಲ್ಲಿ ಚಹಾ ಕುಡಿದು, ಉಗರಗೋಳ ದಾಟಿ ಏರು ಹತ್ತುತ್ತಿದ್ದೆವು. ಅಣ್ಣತಮ್ಮಂದಿರು ಟ್ರ್ಯಾಕ್ಟರಿನ ಮೇಲೆ, ನಾವು ಹೆಂಗಸರು ಟ್ರೇಲರಿನಲ್ಲಿ. ಒಂದು ಕುಣಿಯಲ್ಲಿ ಗಾಲಿ ಎಗರಿ, ಪಿನ್ನು ಕಿತ್ತುಬಂತು. ಟ್ರ್ಯಾಕ್ಟರ್ ಮುಂದೆ ಹೋಯಿತು, ನಾವು ಹಿಂದಕ್ಕೆ ಉರುಳಿದೆವು. ಕೆಳಗೆ ಜನ ತುಂಬಿದ ಬಸ್ಸು ಏರಿ ಬರುತ್ತಿತ್ತು, ಪಕ್ಕದಲ್ಲಿ ಆಳವಾದ ತಗ್ಗು. ತೊಟ್ಟಿಲು ಹುಚ್ಚೆದ್ದು ತೂಗುತ್ತಿತ್ತು. ಕೂಸನ್ನು ಎಳೆದು ಎದೆಗವಚಿಕೊಂಡೆ. ಕೈ ಮುಗಿಯಲು ಕೈ ಎಲ್ಲಿತ್ತು? ಬೈದೆ.

"ಯಲ್ಲವ್ವಾ! ಎರಡು ಕೊಟ್ಟೇನಿ ನಿನಗ. ಇದನ್ನೂ ಕಸಗೊಂಡ್ರ ನಿನ್ನ ಹೆಸರ ಎತ್ತೂದಿಲ್ಲ ನೋಡು!"

ಆ ಕ್ಷಣವೇ ಟ್ರೇಲರಿನ ಹಿಂಬದಿ ಮುಚ್ಚುವ ಫಳಿ ಕಳಚಿ, ಅದಕ್ಕೆ ಒರಗಿಸಿದ್ದ ಹೂರಣದ ಕಲ್ಲು ರಸ್ತೆಗೆ ಬಿತ್ತು. ಗಾಲಿ ಅದಕ್ಕೆ ಬಡಿದು, ಒಮ್ಮೆ ಏರಲು ನೋಡಿ, ಅಲ್ಲೇ ನಿಂತಿತು. ಅತ್ತೆಯವರು "ಉಧೋ ಯಲ್ಲವ್ವಾ" ಎಂದು ಅಳುತ್ತಿದ್ದರು. ನಾನೂ ಅತ್ತುಬಿಟ್ಟೆ.

ಬಸ್ಸಿನವರೆಲ್ಲ ಇಳಿದು ಬಂದು ಟ್ರೇಲರಿಗೆ ಹೆಗಲು ಕೊಟ್ಟರು. ಬಸ್ಸಿನ ಡ್ರೈವರ್, ಟ್ರ್ಯಾಕ್ಟರ್ ನಿಲ್ಲಿಸಿ ಓಡಿಬಂದ ಭಾವನನ್ನು ತರಾಟೆಗೆ ತೆಗೆದುಕೊಂಡ. "ಸರಪಳಿ ಎಲ್ಲೈತ್ರಿ ಯಜಮಾನ್ರ?" ಭಾವ ತಲೆ ತಗ್ಗಿಸಿ ತೊಟ್ಟಿಲು ತೋರಿಸಿದರು. ಡ್ರೈವರ್ ಹಣೆ ಚಚ್ಚಿಕೊಂಡ.

ಹೇಗೋ ಪಿನ್ನು ಹಾಕಿ ಮೇಲೆ ತಲುಪಿದೆವು. ಬಿಡಾರದಲ್ಲಿ ಭಾವ ಸಿಕ್ಕಸಿಕ್ಕವರಿಗೆ "ತಾಯಿ ನಮ್ಮ ಕೈ ಹಿಡಿದಳು" ಎಂದು ಹೇಳುತ್ತ ಓಡಾಡತೊಡಗಿದರು. ನನ್ನ ತಲೆ ಕಾದುಹೋಯಿತು. ಅಂಚು ಒಡೆದ ಅದೇ ಕಲ್ಲಿನ ಮೇಲೆ ಹೂರಣ ಅರೆಯಲು ಕುಳಿತವಳು ಎದ್ದುಬಿಟ್ಟೆ.

"ಸರಪಳಿ ಟ್ರೇಲರಿಗೆ ಹಾಕೂ ತನಕ ನಾ ಪರಡಿ ತುಂಬಂಗಿಲ್ರಿ. ತಾಯಿ ಸಿಟ್ಟಾದ್ರ ಆಗಲಿ, ನಾ ಮಾತಾಡತೇನಿ ಆಕಿ ಜೋಡಿ."

ಅತ್ತೆಯವರು ಗದರಿಸುತ್ತಾರೆ ಎಂದುಕೊಂಡಿದ್ದೆ. ಅವರು ಮಗನ ಕಡೆ ತಿರುಗಿ, "ಹಾಕಪ್ಪಾ, ಹೂರಣ ಆರತೈತಿ" ಎಂದರು. ನನ್ನ ಸೀರೆಯಿಂದ ತೊಟ್ಟಿಲು ಕಟ್ಟಿದೆ. ಸರಪಳಿ ಅದರ ಜಾಗಕ್ಕೆ ಹೋಯಿತು. ಆಮೇಲೆಯೇ ಕೂಸಿನ ಜವಳವಾಯಿತು, ಪರಡಿ ತುಂಬಿತು.

ಬೈಗುಳವನ್ನೂ ಪ್ರಾರ್ಥನೆ ಎಂದು ಕೇಳಿಸಿಕೊಂಡ ತಾಯಿ ಆಕೆ. ನನ್ನ ಭಕ್ತಿ ಇಮ್ಮಡಿಯಾಗಿದೆ. ಭಾವನ ಮೇಲಿನ ಸಿಟ್ಟು ಮಾತ್ರ ಇಳಿದಿಲ್ಲ. ಅದನ್ನು ಇಳಿಸು ಎಂದು ನಾನಿನ್ನೂ ಆಕೆಯನ್ನು ಬೇಡಿಕೊಂಡಿಲ್ಲ.